ಕ್ಯಾಮೆರಾ ಎಲ್ಲಿ ನಿಂತಿತ್ತು?



ಹೋದ ತಿಂಗಳು ನಮ್ಮ ಬೀದಿಗೆ ಗುಜರಿ ಗಾಡಿ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ನಮ್ಮ ಮನೆಯವರು ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಒಳಗಿದ್ದ ಸಿ.ಡಿ.ಗಳನ್ನೆಲ್ಲ ತಕ್ಕಡಿಗೆ ಸುರಿಸಿಯಾಗಿತ್ತು. "ನಾಕೂಕಾಲು ಕೆ.ಜಿ. ಬತ್ತದೆ ಸಾರ್," ಎಂದ ಗಾಡಿಯವನು. "ಡಬ್ಬಿಗೆ ಪ್ಲಾಸ್ಟಿಕ್ ರೇಟು. ಒಳಗಿನ ತಟ್ಟೆಗೆ ಅಷ್ಟು ಬರಲ್ಲ." ನಲವತ್ತು ವರ್ಷದ ನನ್ನ ಗೀಳನ್ನು ಕಿಲೋ ಲೆಕ್ಕದಲ್ಲಿ ನೋಡಿದ್ದು ಅದೇ ಮೊದಲು. ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ವಾಪಸು ಎತ್ತಿಕೊಂಡೆ. ನಮ್ಮ ಮನೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಎಲ್ಲಾ ಫೋನಲ್ಲೇ ಬರತ್ತಲ್ರೀ, ಇದನ್ನ ಇಟ್ಕೊಂಡು ಏನ್ ಮಾಡ್ತೀರಿ?"

ಅವತ್ತು ಉತ್ತರ ಹೊಳೆಯಲಿಲ್ಲ. ಗಾಡಿಯವನು ಬೇರೆ ಕಾಯುತ್ತಿದ್ದ. ಇವತ್ತು ಬಾನುಲಿಯವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ಕಣ್ಣಿಗೆ ಸಂಬಂಧಪಟ್ಟ ವಿಷಯವನ್ನು ಕಿವಿಗೆ ಹೇಳುವುದು ಸ್ವಲ್ಪ ತಮಾಷೆಯೇ. ಆದರೂ ಪ್ರಯತ್ನ ಮಾಡುತ್ತೇನೆ.

ನಾನಿರುವುದು ಟಿ. ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಯ ದಾಸರಹಳ್ಳಿ. ಹೆಬ್ಬಾಳದ ಕಡೆಗೂ ಒಂದು ದಾಸರಹಳ್ಳಿ ಇರುವುದರಿಂದ, 'ಟಿ' ಬಿಟ್ಟು ವಿಳಾಸ ಬರೆದವರ ಕಾಗದ ಊರು ಸುತ್ತಿ ಸುಸ್ತಾಗಿ ನಮ್ಮ ಮನೆ ಸೇರುತ್ತಿತ್ತು. ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದೆ. ಲೇತಿನಿಂದ ಇಳಿದ ಪೀಸನ್ನು ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಳೆಯುವುದು. ಡ್ರಾಯಿಂಗಿಗೆ ಹೊಂದಿದರೆ ಪಾಸು, ಹೊಂದದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ. ಈ ಕೆಲಸ ಮಾಡಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಏನನ್ನು ನೋಡಿದರೂ, ಇದನ್ನು ಹೇಗೆ ಮಾಡಿದರು, ಎಲ್ಲಿ ಹಿಡಿದು ಕೊರೆದರು ಎಂದು ಹುಡುಕುವ ಚಾಳಿ. ಮದುವೆಮನೆಯಲ್ಲಿ ಊಟದ ಟೇಬಲ್ಲಿನ ಕಾಲನ್ನೂ ನೋಡುತ್ತೇನೆ.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜೊತೆಗೆ ಬಣ್ಣದ ಟಿ.ವಿ. ಬಂತು. ಅದರ ಬೆನ್ನಿಗೇ ವಿ.ಸಿ.ಆರ್. ನಮ್ಮ ಕಡೆ ಅದನ್ನು ಕೊಂಡವರು ಕಡಿಮೆ. ಬಾಡಿಗೆಗೆ ತಂದವರೇ ಎಲ್ಲ. ಶನಿವಾರ ರಾತ್ರಿ ವಠಾರದವರು ತಲೆಗಿಷ್ಟು ಅಂತ ಚಂದಾ ಎತ್ತಿದರೆ, ವೀಡಿಯೋ ಲೈಬ್ರರಿಯ ಹುಡುಗ ಸೈಕಲ್ಲಿನ ಕ್ಯಾರಿಯರಿಗೆ ಟಿ.ವಿ. ಕಟ್ಟಿಕೊಂಡು, ಹೆಗಲ ಚೀಲದಲ್ಲಿ ವಿ.ಸಿ.ಪಿ., ನಾಲ್ಕು ಕ್ಯಾಸೆಟ್ ಇಟ್ಟುಕೊಂಡು ಬರುತ್ತಿದ್ದ. ಬೆಳಗಾಗುವುದರೊಳಗೆ ನಾಲ್ಕನ್ನೂ ನೋಡಿ ಮುಗಿಸಬೇಕು. ಮೂರನೆಯದು ಶುರುವಾಗುವ ಹೊತ್ತಿಗೆ ಅರ್ಧ ವಠಾರ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿತ್ತು.

ಅಂಥ ಒಂದು ರಾತ್ರಿ ಕಾಫಿಗೆ ಅಂತ ಯಾರೋ ಪಾಸ್ ಗುಂಡಿ ಒತ್ತಿದರು. ತೆರೆಯ ಮೇಲೆ ನಾಯಕಿಯ ಮುಖ ನಿಂತುಬಿಟ್ಟಿತು, ಟೇಪಿನ ಗೆರೆಗಳ ಜೊತೆ ಸಣ್ಣಗೆ ನಡುಗುತ್ತಾ. ಅವಳ ಹಿಂದೆ ಮಂಟಪದ ಕಂಬಗಳು. ಹಿಂದಿನ ದೃಶ್ಯದಲ್ಲಿ ಅವಳು ಆ ಕಂಬಗಳಿಂದ ಬಹಳ ದೂರ, ಮೆಟ್ಟಿಲ ಹತ್ತಿರ ನಿಂತಿದ್ದನ್ನು ನೋಡಿದ್ದೆವು. ಈಗ ಕಂಬಗಳು ಅವಳ ಕಿವಿಗೆ ಓಲೆಯಂತೆ ಅಂಟಿಕೊಂಡಿವೆ! ಅವಳೂ ಕದಲಿಲ್ಲ, ಮಂಟಪವೂ ಕದಲಿಲ್ಲ. ಮತ್ತೆ ಕದಲಿದ್ದು ಯಾರು? ಕಾಫಿ ಮುಗಿದು ಚಿತ್ರ ಮುಂದಕ್ಕೆ ಹೋಯಿತು. ನಾನು ಮಾತ್ರ ಅಲ್ಲೇ ಉಳಿದೆ. ಕದಲಿದ್ದು ಕ್ಯಾಮೆರಾ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು.

ಕೇಳುತ್ತಿರುವವರು ಕೂತಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಬಹುದು. ಮೊಬೈಲ್ ತೆಗೆದುಕೊಂಡು, ಮನೆಯಲ್ಲಿ ಬೈಸಿಕೊಂಡರೂ ಪರವಾಗಿಲ್ಲ ಅನ್ನುವವರ ಮುಖದಿಂದ ಒಂದಡಿ ದೂರದಲ್ಲಿ ಹಿಡಿದು ಒಂದು ಫೋಟೋ ತೆಗೆಯಿರಿ. ಮೂಗು ದಪ್ಪ, ಕೆನ್ನೆ ಉಬ್ಬು, ಕಿವಿಗಳು ತಲೆಯ ಹಿಂದೆ ಮಾಯ. ಈಗ ಹತ್ತಡಿ ಹಿಂದೆ ಹೋಗಿ, ಜೂಮ್ ಮಾಡಿ, ಮುಖ ಮೊದಲಿನಷ್ಟೇ ದೊಡ್ಡದಾಗುವಂತೆ ಇನ್ನೊಂದು ತೆಗೆಯಿರಿ. ಮೂಗು ತನ್ನ ಜಾಗಕ್ಕೆ ಹೋಗುತ್ತದೆ, ಕಿವಿಗಳು ವಾಪಸು ಬರುತ್ತವೆ, ಹಿಂದಿನ ಗೋಡೆಯ ಕ್ಯಾಲೆಂಡರು ಹೆಗಲಿಗೇ ಬಂದು ನಿಲ್ಲುತ್ತದೆ. ಮುಖ ಅದೇ, ಅಳತೆ ಅದೇ, ಮನುಷ್ಯ ಮಾತ್ರ ಬೇರೆ. ಲೆನ್ಸಿನ ಮಾಯೆ ಅಂತ ಜನ ಅನ್ನುತ್ತಾರೆ. ಅರ್ಧ ನಿಜ. ಮೂಗಿಗೂ ಕಿವಿಗೂ, ಮುಖಕ್ಕೂ ಕಂಬಕ್ಕೂ ಇರುವ ಸಂಬಂಧವನ್ನು ನಿರ್ಧರಿಸುವುದು ನೀವು ನಿಂತ ಜಾಗ. ಆ ಜಾಗದಿಂದ ಎಷ್ಟನ್ನು ಕತ್ತರಿಸಿ ತೋರಿಸಬೇಕು ಎನ್ನುವುದಷ್ಟೇ ಲೆನ್ಸಿನ ಕೆಲಸ.

ನಮ್ಮ ದಾಸರಹಳ್ಳಿಯ ಮೆಟ್ರೋ ನಿಲ್ದಾಣ 2015ರ ಮೇ ಒಂದರಂದು, ನಾಗಸಂದ್ರದವರೆಗೆ ರೈಲು ಬಂದ ದಿನ, ತೆರೆಯಿತು. ಅದರ ಮೇಲೆ ನಿಂತು ತುಮಕೂರು ರಸ್ತೆಯನ್ನು ಬರಿಗಣ್ಣಲ್ಲಿ ನೋಡಿದರೆ ಮೇಲ್ಸೇತುವೆಯ ಕಂಬಗಳು ಒಂದರ ಹಿಂದೊಂದು ಸಾವಧಾನವಾಗಿ ನಿಂತಿರುತ್ತವೆ. ಫೋನಿನಲ್ಲಿ ಪೂರ್ತಿ ಜೂಮ್ ಮಾಡಿದರೆ ಅವೇ ಕಂಬಗಳು ಒತ್ತಾಗಿ ಜೋಡಿಸಿದ ಕಡ್ಡಿಗಳಂತೆ. ನಡುವಿನ ಬಸ್ಸುಗಳು ಒಂದರ ಬೆನ್ನಿಗೆ ಒಂದು ಹತ್ತಿ ಕೂತಂತೆ. ಟಿ.ವಿ.ಯವರು ಬೆಂಗಳೂರಿನ ಟ್ರಾಫಿಕ್ಕನ್ನು ಯಾವಾಗಲೂ ಹೀಗೇ ತೋರಿಸುವುದು. ಟ್ರಾಫಿಕ್ ಇರುವುದು ಸತ್ಯ. ಆದರೆ ಬಸ್ಸುಗಳ ನಡುವೆ ಇಪ್ಪತ್ತಡಿ ಜಾಗವಿರುವುದೂ ಅಷ್ಟೇ ಸತ್ಯ.

ಮುಂದೆ ವಿ.ಸಿ.ಡಿ. ಬಂತು, ಆಮೇಲೆ ಡಿ.ವಿ.ಡಿ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟು, ಭಾನುವಾರ ಬೆಳಗ್ಗೆ ಸಂಡೇ ಬಜಾರು, ಮುಚ್ಚುತ್ತಿರುವ ವೀಡಿಯೋ ಲೈಬ್ರರಿಗಳ ಕೊನೆಯ ದಿನದ ಮಾರಾಟ, ಇವು ನನ್ನ ಯಾತ್ರಾಸ್ಥಳಗಳು. ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದಾಗ ನನ್ನಂಥವರಿಗೆ ಹುಚ್ಚು ಹಿಡಿಯಿತು. ಅದಕ್ಕೆ ಮುಂಚೆ ಕಾರ್ಖಾನೆಯ ಸಂಬಳದಲ್ಲಿ ತಿಂಗಳಿಗೊಂದು ಕೊಂಡರೆ ಹೆಚ್ಚು. ಆಮೇಲೆ ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ಅಡಗಿಸಿ ತರುವಷ್ಟಾಯಿತು. ಅಡಗಿಸಿದ್ದು ಪ್ರತಿ ಸಲವೂ ಸಿಕ್ಕಿಬಿದ್ದಿದೆ, ಆ ಮಾತು ಬೇರೆ.

ಡಿಸ್ಕಿನಿಂದ ಆದ ದೊಡ್ಡ ಉಪಕಾರವೆಂದರೆ ನಡುಕವಿಲ್ಲದ ಪಾಸ್ ಗುಂಡಿ. ಚಿತ್ರಮಂದಿರದಲ್ಲಿ ಕತೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮನೆಯಲ್ಲಿ ನಾವು ಕತೆಯನ್ನು ಹಿಡಿದು ನಿಲ್ಲಿಸಬಹುದು, ಹತ್ತು ಸೆಕೆಂಡು ಹಿಂದಕ್ಕೆ ಕರೆದು ಮತ್ತೆ ನಡೆ ಎನ್ನಬಹುದು. ಹಾಗೆ ಹಿಂದೆ ಮುಂದೆ ಮಾಡಿ ನಾನು ಮೊದಲು ಕಲಿತದ್ದು ಜೂಮಿಗೂ ಟ್ರಾಲಿಗೂ ಇರುವ ವ್ಯತ್ಯಾಸ.

ಎಪ್ಪತ್ತರ ದಶಕದ ಯಾವ ಸಾಂಸಾರಿಕ ಚಿತ್ರವನ್ನಾದರೂ ನೆನಪು ಮಾಡಿಕೊಳ್ಳಿ. ಕೆಟ್ಟ ಸುದ್ದಿ ಬಂತು, ಗುಡುಗಿನಂಥ ಸಂಗೀತ, ಮುಖ ಸರ್ರನೆ ಹತ್ತಿರ. ತಾಯಿಗೆ ಒಮ್ಮೆ, ಮಗನಿಗೆ ಒಮ್ಮೆ, ಬಾಗಿಲ ಮರೆಯಲ್ಲಿ ನಿಂತ ಸೊಸೆಗೆ ಒಮ್ಮೆ. ಅರವತ್ತರ ದಶಕದಲ್ಲಿ ಫ್ರಾನ್ಸಿನ ಆಂಜೆನ್ಯೂ ಕಂಪನಿ 25ರಿಂದ 250 ಮಿಲಿಮೀಟರಿನವರೆಗೆ ಹತ್ತು ಪಟ್ಟು ಎಳೆಯುವ ಜೂಮ್ ಲೆನ್ಸನ್ನು ಹೊರತಂದಿತ್ತು. ಹಳಿ ಹಾಸಿ, ಅದರ ಮೇಲೆ ಟ್ರಾಲಿ ಇಟ್ಟು, ಕ್ಯಾಮೆರಾ ಕೂರಿಸಿ ತಳ್ಳಬೇಕಾದರೆ ಅರ್ಧ ಗಂಟೆ, ನಾಲ್ಕು ಆಳು. ಜೂಮಿಗಾದರೆ ಲೆನ್ಸಿನ ಬಳೆ ತಿರುಗಿಸಿದರೆ ಮುಗಿಯಿತು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುವಾಗ ನಿರ್ಮಾಪಕ ಯಾವುದನ್ನು ಇಷ್ಟಪಡುತ್ತಾನೆ ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡನ್ನೂ ಗುರುತಿಸುವ ಒಂದು ಉಪಾಯ ಹೇಳುತ್ತೇನೆ, ಮಾಡಿ ನೋಡಿ. ದೃಶ್ಯದಲ್ಲಿ ಮುಂದೆ ಒಂದು ಬಿಂದಿಗೆ, ಹಿಂದೆ ಒಂದು ಕಂಬ ಇದೆ ಎಂದಿಟ್ಟುಕೊಳ್ಳಿ. ಮುಖ ಹತ್ತಿರವಾಗುತ್ತಾ ಹೋದಂತೆ ಆ ಎರಡನ್ನೂ ನೋಡಿ. ಬಿಂದಿಗೆ ಕಂಬದ ಎಷ್ಟು ಭಾಗವನ್ನು ಮುಚ್ಚಿತ್ತೋ ಕೊನೆಯವರೆಗೂ ಅಷ್ಟನ್ನೇ ಮುಚ್ಚಿದ್ದರೆ ಅದು ಜೂಮ್. ಬಿಂದಿಗೆ ಪಕ್ಕಕ್ಕೆ ಸರಿದು, ಕಂಬದ ಹಿಂದಿನ ಬಾಗಿಲು ಇಣುಕಿದರೆ ಅದು ಟ್ರಾಲಿ. ಟ್ರಾಲಿಯಲ್ಲಿ ಕ್ಯಾಮೆರಾ ನಡೆದು ಹೋಗುತ್ತದೆ. ಜೂಮಿನಲ್ಲಿ ಅದು ನಿಂತಲ್ಲೇ ನಿಂತು ಆ ಮುಖವನ್ನು ಕೊರಳಪಟ್ಟಿ ಹಿಡಿದು ಎಳೆದುಕೊಳ್ಳುತ್ತದೆ. ಸಾವಿನ ಮನೆಗೆ ಹೋಗಿ ಪಕ್ಕ ಕೂರುವುದು ಒಂದು. ರಸ್ತೆಯ ಆಚೆ ನಿಂತು ಕತ್ತು ಚಾಚಿ ನೋಡುವುದು ಇನ್ನೊಂದು. ನಾನು ಜೂಮಿನ ವೈರಿಯಲ್ಲ. ಕೆಲವು ದೃಶ್ಯಗಳಿಗೆ ರಸ್ತೆಯ ಆಚೆಯೇ ಸರಿ. ಆದರೆ ತಾಯಿ ಅಳುವಾಗ ನಮ್ಮನ್ನು ಯಾಕೆ ಅಷ್ಟು ದೂರ ನಿಲ್ಲಿಸಿದಿರಿ ಎಂದು ಆ ಕಾಲದ ಎಷ್ಟೋ ನಿರ್ದೇಶಕರನ್ನು ಮನಸ್ಸಿನಲ್ಲೇ ಕೇಳಿದ್ದೇನೆ.

ನಿರ್ದೇಶಕ ಹಿಚ್‌ಕಾಕ್ ಜೂಮು, ಟ್ರಾಲಿ ಎರಡನ್ನೂ ಕೂಡಿಸಿಬಿಟ್ಟ. 1958ರ 'ವರ್ಟಿಗೋ' ಚಿತ್ರದಲ್ಲಿ ಗೋಪುರದ ಮೆಟ್ಟಿಲ ಮೇಲಿಂದ ಕೆಳಗೆ ನೋಡಿದವನಿಗೆ ತಲೆ ಸುತ್ತಬೇಕು. ಕ್ಯಾಮೆರಾ ಒಂದು ಕಡೆಗೆ, ಜೂಮ್ ಅದಕ್ಕೆ ವಿರುದ್ಧ ದಿಕ್ಕಿಗೆ. ಮೆಟ್ಟಿಲುಗಳ ಅಂಚು ತೆರೆಯಲ್ಲಿ ಇದ್ದಲ್ಲೇ ಇರುತ್ತದೆ, ಆಳ ಮಾತ್ರ ಬಾವಿಯಂತೆ ಕೆಳಗಿಳಿಯುತ್ತದೆ. ಮಾಡಿದವರು ಇರ್ಮಿನ್ ರಾಬರ್ಟ್ಸ್ ಎಂಬ ಎರಡನೆಯ ಘಟಕದ ಛಾಯಾಗ್ರಾಹಕರು. ಅದನ್ನು ನಾನು ಇಪ್ಪತ್ತು ಸಲವಾದರೂ ಹಿಂದಕ್ಕೆ ಓಡಿಸಿ ನೋಡಿದ್ದೇನೆ. ನಮ್ಮ ಭಾಮೈದ ಒಂದು ಸಲ ನೋಡಿ, "ಭಾವ, ಊಟ ಆದ್ಮೇಲೆ ಇದೆಲ್ಲ ಹಾಕ್ಬೇಡಿ" ಎಂದ.

ಇನ್ನೊಂದು ತಂತ್ರ ಇದೆ, ಅರ್ಧ ಗಾಜು. ಲೆನ್ಸಿನ ಮುಂದೆ ಅರ್ಧಕ್ಕೆ ಮಾತ್ರ ಒಂದು ಗಾಜು ಕೂರಿಸುತ್ತಾರೆ. ಒಂದು ಪಕ್ಕದಲ್ಲಿ ಹತ್ತಿರದ ಮುಖ ಸ್ಪಷ್ಟ, ಇನ್ನೊಂದು ಪಕ್ಕದಲ್ಲಿ ದೂರದ ಜನ ಸ್ಪಷ್ಟ. ನನ್ನ ಮೂಗಿನ ಮೇಲಿರುವ ಬೈಫೋಕಲ್ ಕನ್ನಡಕವೂ ಇದೇ ಜಾತಿ. ನನ್ನದು ಮೇಲೆ ಕೆಳಗೆ, ಅದು ಎಡಕ್ಕೆ ಬಲಕ್ಕೆ. 1976ರ 'ಆಲ್ ದ ಪ್ರೆಸಿಡೆಂಟ್ಸ್ ಮೆನ್' ಚಿತ್ರದಲ್ಲಿ ಪತ್ರಕರ್ತನೊಬ್ಬ ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾನೆ, ಅವನ ಹಿಂದೆ ಕಚೇರಿಯ ಉಳಿದವರು ಟಿ.ವಿ. ಮುಂದೆ ಗುಂಪು ಸೇರಿರುತ್ತಾರೆ. ಎರಡೂ ನಿಚ್ಚಳ. ಗಾಜು ಮುಗಿಯುವ ಕಡೆ ಮಾತ್ರ ಮಂಜಿನಂಥ ಒಂದು ಗೆರೆ ಮೇಲಿಂದ ಕೆಳಗೆ ಇಳಿದಿರುತ್ತದೆ. ಅದನ್ನು ಪತ್ತೆ ಹಚ್ಚಿದ ದಿನ, ಕಾರ್ಖಾನೆಯಲ್ಲಿ ಬೇರೆಯವರು ಪಾಸು ಮಾಡಿದ ಪೀಸಿನಲ್ಲಿ ಬಿರುಕು ಕಂಡಷ್ಟು ಹಿಗ್ಗಾಯಿತು.

ಈ ಹುಡುಕಾಟದಲ್ಲಿ ನಾನು ತಡವಾಗಿ ತಿಳಿದುಕೊಂಡ ಸಂಗತಿಯೊಂದಿದೆ. ಇದನ್ನೆಲ್ಲ ಕಲಿಸುವ ಜಾಗ ನನ್ನ ಮನೆಯಿಂದ ಅಷ್ಟೇನೂ ದೂರದಲ್ಲಿರಲಿಲ್ಲ. ನಮ್ಮ ಎಂಟನೇ ಮೈಲಿಯಿಂದ ಬಾಗಲಗುಂಟೆ, ಚಿಕ್ಕಬಾಣಾವರ ಹಾದು ಹೋಗುವ ರಸ್ತೆ ಹೆಸರಘಟ್ಟ ಮುಟ್ಟುತ್ತದೆ. ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇರುವುದು ಅಲ್ಲೇ. ಅದರ ಬೇರು ಮಾತ್ರ ನಗರದ ನಡುವೆ, ಕೆ.ಆರ್. ಸರ್ಕಲ್ಲಿನ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ, ಪಿಟೀಲು ನುಡಿಸುತ್ತಿದ್ದ ಹುಡುಗನೊಬ್ಬ ಅಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಿದ್ದು ಬೊಂಬಾಯಿಗೆ ಹೋದ. ಅವರೇ ವಿ.ಕೆ. ಮೂರ್ತಿ. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಎಲ್ಲದರ ಕಣ್ಣು ಅವರದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಗುರುದತ್ತ್ ಮುಖಗಳನ್ನು ಉದ್ದ ಲೆನ್ಸಿನಲ್ಲಿ, ಹಿನ್ನೆಲೆಯನ್ನು ಮಬ್ಬು ಮಾಡಿ ನೋಡಲು ಇಷ್ಟಪಡುತ್ತಿದ್ದರಂತೆ. ಆ ಇಷ್ಟವನ್ನು ತೆರೆಗೆ ಇಳಿಸಿದವರು ಮೂರ್ತಿ.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿಂದ ಒಂದು ಬೆಳಕಿನ ತೊಲೆ ಇಳಿಯುತ್ತದಲ್ಲ, ಗೀತಾ ದತ್ ಹಾಡಿರುವ ಆ ಹಾಡಿನಲ್ಲಿ? ಅದು ದೀಪವಲ್ಲ, ಹೊರಗಿನ ಬಿಸಿಲು. ದೊಡ್ಡ ಕನ್ನಡಿಯೊಂದು ಬಿಸಿಲನ್ನು ಹಿಡಿದು ಒಳಗೆ ಎಸೆಯುತ್ತದೆ, ಎತ್ತರದಲ್ಲಿರುವ ಇನ್ನೊಂದು ಕನ್ನಡಿ ಅದನ್ನು ಕೆಳಗೆ ತಿರುಗಿಸುತ್ತದೆ; ಸ್ವಲ್ಪ ಹೊಗೆ ಹಾಕಿದರೆ ಆ ಬೆಳಕಿಗೆ ಮೈ ಬರುತ್ತದೆ. ಇಷ್ಟೇ. ಚಿತ್ರಕ್ಕೆ ಕಾಸು ಹುಟ್ಟಲಿಲ್ಲ. ಆ ಬೆಳಕು ಮಾತ್ರ ಅರವತ್ತು ವರ್ಷವಾದರೂ ಮಾಸಿಲ್ಲ.

ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತು ಮುಂದೆ ಮೂರ್ತಿಯವರ ಸಹಾಯಕರಾದವರು ಗೋವಿಂದ ನಿಹಲಾನಿ. ಗಿರೀಶ ಕಾರ್ನಾಡರು 1973ರಲ್ಲಿ ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' ಕಾದಂಬರಿಯನ್ನು ಚಿತ್ರ ಮಾಡಿದಾಗ ಕ್ಯಾಮೆರಾ ಹಿಡಿದವರು ಅವರೇ. ಗುರುವಿನ ವಿದ್ಯೆ ಬೊಂಬಾಯಿ ಸುತ್ತಿ ಕನ್ನಡಕ್ಕೆ ಹೀಗೆ ವಾಪಸಾಯಿತು. ಮೂರ್ತಿಯವರು ಸ್ವತಃ ಕನ್ನಡದಲ್ಲಿ ಚಿತ್ರೀಕರಿಸಿದ್ದು 1993ರ 'ಹೂವು ಹಣ್ಣು'. ಬೊಂಬಾಯಿಯಲ್ಲಿ ಅಷ್ಟೆಲ್ಲ ಮಾಡಿದವರನ್ನು ನಮ್ಮ ಗಾಂಧಿನಗರದ ಸಿನಿಮಾದವರು ಇನ್ನಷ್ಟು ಸಲ ಕರೆಯಬಹುದಿತ್ತು ಎಂದು ನನಗನ್ನಿಸುತ್ತದೆ. ಅವರು ತೀರಿಕೊಂಡದ್ದು 2014ರ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲೇ.

ಇಷ್ಟು ಹೊಗಳಿದ ಮೇಲೆ ಈಗ ನನ್ನ ಪೆಟ್ಟಿಗೆಯ ಮೇಲಿನ ದೂರನ್ನೂ ಹೇಳಲೇಬೇಕು. ಸಿನಿಮಾಸ್ಕೋಪಿನ ಕ್ಯಾಮೆರಾ ಲೆನ್ಸು ಅಗಲವಾದ ನೋಟವನ್ನು ಅಡ್ಡಡ್ಡಕ್ಕೆ ಅರ್ಧ ಮಾಡಿ ಹಿಂಡಿ ಫಿಲ್ಮಿನ ಮೇಲೆ ಕೂರಿಸುತ್ತದೆ. ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಬಿಡಿಸುತ್ತದೆ. ಹಳ್ಳಿಯ ಟೆಂಟಿನಲ್ಲಿ ಆಪರೇಟರ್ ಆ ಲೆನ್ಸು ಹಾಕುವುದನ್ನು ಮರೆತರೆ ನಾಯಕ, ನಾಯಕಿ, ಖಳನಾಯಕ, ಎಲ್ಲರೂ ನುಗ್ಗೆಕಾಯಿಗಳಂತೆ ನೆಟ್ಟಗೆ ನಿಂತಿರುತ್ತಿದ್ದರು. "ಲೆನ್ಸ್ ಹಾಕೋ!" ಎಂದು ನೆಲದ ಕ್ಲಾಸಿನಿಂದ ಕೂಗು ಏಳುತ್ತಿತ್ತು. ಕನ್ನಡಕ್ಕೆ ಸ್ಕೋಪು ಬಂದದ್ದು 1977ರ 'ಸೊಸೆ ತಂದ ಸೌಭಾಗ್ಯ'ದಿಂದ. ಸ್ಕೋಪಿನ ತೆರೆ ಎತ್ತರಕ್ಕಿಂತ 2.35 ಪಟ್ಟು ಅಗಲ. ಹಳೆಯ ಟಿ.ವಿ. 1.33 ಪಟ್ಟು. ಚಿತ್ರ ಟಿ.ವಿ.ಯ ಎತ್ತರ ತುಂಬುವಂತೆ ಕೂರಿಸಿದರೆ ಎಡಬಲದಲ್ಲಿ ನೂರಕ್ಕೆ ನಲವತ್ತಮೂರು ಪಾಲು ಹೊರಗೆ ಬೀಳುತ್ತದೆ. ಲೆಕ್ಕ ನೀವೂ ಹಾಕಿ ನೋಡಿ.

ನನ್ನಲ್ಲಿ ಒಂದು ವಿ.ಸಿ.ಡಿ. ಇದೆ. ಹೆಸರು ಬೇಡ. ಅಣ್ಣ ತಮ್ಮ ಮನೆ ಪಾಲಾಗುವ ಮಾತಾಡುತ್ತಿದ್ದಾರೆ. ಛಾಯಾಗ್ರಾಹಕ ಇಬ್ಬರನ್ನೂ ತೆರೆಯ ಎರಡು ತುದಿಗೆ ನಿಲ್ಲಿಸಿ ನಡುವೆ ಅಪ್ಪನ ಖಾಲಿ ಕುರ್ಚಿ ಇಟ್ಟಿದ್ದಾರೆ. ಎಂಥ ಚೆಂದದ ಯೋಚನೆ! ನನ್ನ ಡಿಸ್ಕಿನಲ್ಲಿ ಎಡಗಡೆ ಒಂದು ಮೂಗು, ಬಲಗಡೆ ಒಂದು ಮೂಗು, ನಡುವೆ ಕುರ್ಚಿ. ಮೂಗುಗಳು ಮನೆ ಹಂಚಿಕೊಳ್ಳುತ್ತಿವೆ. ಸಾಲದ್ದಕ್ಕೆ ಕೆಳಗೆ ಅಂಗಡಿಯ ಫೋನ್ ನಂಬರು ಹರಿದು ಹೋಗುತ್ತದೆ.

ಡಿಸ್ಕು ಮಾಡಿದವರನ್ನು ನಾನು ಬಹಳ ದಿನ ಬೈದುಕೊಂಡೆ. ಆಮೇಲೆ ನಮ್ಮ ಮಾವನವರು ಕಣ್ಣು ತೆರೆಸಿದರು. ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಅಗಲ ತೋರಿಸುವ ಒಂದು ಡಿ.ವಿ.ಡಿ. ತಂದು ಹೆಮ್ಮೆಯಿಂದ ಹಾಕಿದೆ. ಐದು ನಿಮಿಷ ಸುಮ್ಮನಿದ್ದು ಮಾವ ಹೇಳಿದರು: "ಅಳಿಯಂದಿರೇ, ಟಿ.ವಿ. ಅರ್ಧ ಕೆಟ್ಟೋಗಿದೆ, ಮೆಕ್ಯಾನಿಕ್‌ನ ಕರೆಸಿ." ಕೊಂಡದ್ದು 21 ಇಂಚಿನ ಟಿ.ವಿ., ಹಾಗಾದ ಮೇಲೆ 21 ಇಂಚೂ ತುಂಬಬೇಕು. ಅವರ ವಾದದಲ್ಲಿ ತಪ್ಪೇನು? ವಿ.ಸಿ.ಡಿ.ಯ ಚಿತ್ರದಲ್ಲಿ ಅಡ್ಡ 352, ಉದ್ದ 288 ಚುಕ್ಕೆ, ಒಟ್ಟು ಒಂದು ಲಕ್ಷದ ಆಸುಪಾಸು. ಸ್ಕೋಪನ್ನು ಪೂರ್ತಿ ಅಗಲಕ್ಕೆ ಕೂರಿಸಿದರೆ 288ರಲ್ಲಿ ಚಿತ್ರಕ್ಕೆ ಸಿಗುವುದು 160 ಚಿಲ್ಲರೆ. ನಾಯಕನ ಮುಖ ಉದ್ದಿನಕಾಳಾಗುತ್ತದೆ. ಕತ್ತರಿಸಿದರೆ ಮೂಗು, ಕತ್ತರಿಸದಿದ್ದರೆ ಉದ್ದಿನಕಾಳು. ಡಿಸ್ಕಿನವರಿಗೂ ಕಷ್ಟವಿತ್ತು.

ಇನ್ನೂ ಒಂದು ಸಣ್ಣ ಮೋಸ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು, ನಮ್ಮ ಟಿ.ವಿ. ಪದ್ಧತಿ 25. ಸಾಮಾನ್ಯವಾಗಿ ಚಿತ್ರವನ್ನು ಹಾಗೇ 25ಕ್ಕೆ ಓಡಿಸಿಬಿಡುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮುಂಚೆ ಮುಗಿಯುತ್ತದೆ, ಹಾಡಿನ ಶ್ರುತಿ ಕೂದಲೆಳೆಯಷ್ಟು ಏರುತ್ತದೆ. ಹಾರ್ಮೋನಿಯಂ ನುಡಿಸುವ ಗೆಳೆಯರೊಬ್ಬರು, "ಇದೇನ್ರೀ, ಥಿಯೇಟರಲ್ಲಿ ಕೇಳಿದ ಶ್ರುತಿ ಅಲ್ವಲ್ಲ" ಎಂದು ಹಿಡಿಯುವವರೆಗೆ ನನಗೆ ಗೊತ್ತೇ ಇರಲಿಲ್ಲ. ಕಣ್ಣಿನ ಇನ್‌ಸ್ಪೆಕ್ಟರಿಗೆ ಕಿವಿ ಇರಲಿಲ್ಲ ನೋಡಿ.

ಆದರೂ ಅಂಥದೇ ಮುಕ್ಕಾದ ಡಿಸ್ಕೊಂದರಲ್ಲಿ 1987ರ 'ಪುಷ್ಪಕ ವಿಮಾನ'ವನ್ನು ನಾನು ಮನಸ್ಸಿಗೆ ಬಂದಾಗಲೆಲ್ಲ ಹಾಕುತ್ತೇನೆ. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಬಿ.ಸಿ. ಗೌರಿಶಂಕರ್ ಕ್ಯಾಮೆರಾ, ಒಂದೂ ಮಾತಿಲ್ಲದ ಚಿತ್ರ. ನಮ್ಮದೇ ಊರಿನ ವಿಂಡ್ಸರ್ ಮ್ಯಾನರ್ ಹೋಟೆಲು, ವಠಾರದ ಬಚ್ಚಲಿನ ಮುಂದೆ ಬಕೆಟ್ ಹಿಡಿದು ನಿಂತ ಸಾಲು. ನಿರುದ್ಯೋಗಿ ಹುಡುಗ ದೊಡ್ಡ ಹೋಟೆಲನ್ನು ದೂರದಿಂದ ನೋಡುತ್ತಾನೆ. ಆಮೇಲೆ ಅದರೊಳಗೇ ಸೇರಿಕೊಂಡು ಹುಡುಗಿಯೊಬ್ಬಳ ಜೊತೆ ದೂರದಿಂದಲೇ ಕೈಸನ್ನೆಯಲ್ಲಿ ಮಾತಾಡುತ್ತಾನೆ. ಮಾತಿದ್ದಿದ್ದರೆ ಕ್ಯಾಮೆರಾ ಎಲ್ಲಿ ನಿಂತರೂ ನಡೆಯುತ್ತಿತ್ತು, ಕಿವಿ ಸಂಭಾಳಿಸುತ್ತಿತ್ತು. ಮಾತೇ ಇಲ್ಲದ ಮೇಲೆ ಅವನು ಅವಳಿಗೆ ಎಷ್ಟು ದೂರ, ನಾವು ಅವನಿಗೆ ಎಷ್ಟು ಹತ್ತಿರ ಎನ್ನುವುದೇ ಸಂಭಾಷಣೆ. ಲೆನ್ಸು ಎಂದರೇನು ಎಂದು ಯಾರಾದರೂ ಮಕ್ಕಳು ಕೇಳಿದರೆ ಪುಸ್ತಕ ಕೊಡುವುದಿಲ್ಲ, ಈ ಚಿತ್ರ ಹಾಕುತ್ತೇನೆ.

ಕೊನೆಯದಾಗಿ ಒಂದು ವಿ.ಎಚ್.ಎಸ್. ಟೇಪಿನ ಕತೆ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ಹಾಕುತ್ತಿತ್ತು. ಗೆಳೆಯನ ವಿ.ಸಿ.ಆರ್. ತಂದು ನಾನು ಹಿಡಿದಿಟ್ಟುಕೊಂಡದ್ದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. 1977ರ ಸ್ವರ್ಣಕಮಲ ಪಡೆದ ಚಿತ್ರ, ಕಪ್ಪುಬಿಳುಪು, ಕ್ಯಾಮೆರಾ ಎಸ್. ರಾಮಚಂದ್ರ ಅವರದು. 'ಚೋಮನ ದುಡಿ'ಯೂ, ಶಂಕರ್‌ನಾಗ್ ಆಗುಂಬೆಯಲ್ಲಿ ಮಾಡಿದ 'ಮಾಲ್ಗುಡಿ ಡೇಸ್' ಕೂಡ ಅವರ ಕಣ್ಣಿನಿಂದಲೇ ಬಂದವು. 'ಘಟಶ್ರಾದ್ಧ'ದಲ್ಲಿ ವೇದಪಾಠಕ್ಕೆ ಬಂದ ನಾಣಿ ಎಂಬ ಪುಟ್ಟ ಹುಡುಗ, ವಿಧವೆ ಯಮುನಕ್ಕನಿಗೆ ಏನಾಗುತ್ತಿದೆ ಎಂದು ಪೂರ್ತಿ ಅರ್ಥವಾಗದೆ ನೋಡುತ್ತಿರುತ್ತಾನೆ. 'ಕಾಡು' ಚಿತ್ರದ ಹುಡುಗ ಕಿಟ್ಟಿಯೂ ಹಾಗೇ. ದೊಡ್ಡವರ ಲೋಕವನ್ನು ಮಗುವಿನ ಕಣ್ಣಲ್ಲಿ ನೋಡಬೇಕೆಂದರೆ ಕ್ಯಾಮೆರಾ ಎಷ್ಟು ದೂರ ನಿಲ್ಲಬೇಕು ಎನ್ನುವುದರ ಜೊತೆಗೆ ಎಷ್ಟು ಕೆಳಗೆ ನಿಲ್ಲಬೇಕು ಎಂಬ ಪ್ರಶ್ನೆಯೂ ಬರುತ್ತದೆ.

ನನ್ನ ಟೇಪಿಗೆ ಎರಡು ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ರಾತ್ರಿಯ ದೃಶ್ಯಗಳೆಲ್ಲ ಬೂದಿ ಬಣ್ಣ. ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಕಾಣುವ ಹೊತ್ತಿಗೆ ಟೇಪಿನ ಗೆರೆಗಳೇ ಅವಳ ಮುಖವನ್ನು ಅರ್ಧ ಮುಚ್ಚಿರುತ್ತಿದ್ದವು. ಅಷ್ಟನ್ನೇ ನಾನು 'ಘಟಶ್ರಾದ್ಧ' ಎಂದು ಮೂವತ್ತು ವರ್ಷ ನಂಬಿದ್ದೆ. 2024ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರದ ಹೊಸ ಪ್ರತಿ ತೋರಿಸಿದರು. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು, ಮಾರ್ಟಿನ್ ಸ್ಕೋರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನ ಜೊತೆ ಸೇರಿ, ನಾಲ್ಕು ಕೆ. ಗುಣಮಟ್ಟದಲ್ಲಿ ಅದನ್ನು ಮರಳಿ ಸಿದ್ಧಗೊಳಿಸಿದ್ದಾರೆ. ಟಿ.ವಿ. ಲೆಕ್ಕದಲ್ಲಿ ನಾಲ್ಕು ಕೆ. ಎಂದರೆ ಎಂಬತ್ತಮೂರು ಲಕ್ಷ ಚುಕ್ಕೆ, ವಿ.ಸಿ.ಡಿ.ಯ ಒಂದು ಲಕ್ಷದ ಪಕ್ಕದಲ್ಲಿಟ್ಟು ನೋಡಿ. ಸುದ್ದಿ ಓದಿದಾಗ ಸಂತೋಷವಾಯಿತು. ಆಮೇಲೆ, ಯಾಕೆಂದು ಗೊತ್ತಿಲ್ಲ, ಬೂಸ್ಟು ಹಿಡಿದ ಟೇಪನ್ನು ತೆಗೆದು ಬಿಸಿಲಿಗಿಟ್ಟೆ. ನಮ್ಮ ಮೊದಲ ಟಾಕಿ, 1934ರ 'ಸತಿ ಸುಲೋಚನಾ', ಅದರ ಒಂದು ಪ್ರತಿಯೂ ಉಳಿದಿಲ್ಲವಲ್ಲ. ಅದರ ಮೂಗಿನಷ್ಟು ಉಳಿದಿದ್ದರೂ ಯಾರಾದರೂ ಅಟ್ಟದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಗುಜರಿಯವನ ತಕ್ಕಡಿಯಿಂದ ನಾನು ಎಲ್ಲವನ್ನೂ ಉಳಿಸಿಕೊಳ್ಳಲಿಲ್ಲ, ನಿಜ ಹೇಳಬೇಕು. ಡಿಸ್ಕ್ ಒಂದು ಕಳೆದುಹೋಗಿ ಡಿಸ್ಕ್ ಎರಡು ಮಾತ್ರ ಉಳಿದಿರುವ ಚಿತ್ರಗಳು ಹತ್ತು ಹನ್ನೆರಡಿದ್ದವು. ಇಂಟರ್‌ವಲ್ಲಿನ ನಂತರ ಮಾತ್ರ ಇರುವ ಕತೆಗಳು. ಒಪ್ಪಂದದ ಮೇರೆಗೆ ಅವು ನಮ್ಮ ಮನೆಯವರ ಪಾಲಾದವು. ಅವರು ಅವಕ್ಕೆ ದಾರ ಪೋಣಿಸಿ ಬಾಲ್ಕನಿಯ ಜಾಲರಿಗೆ ತೂಗುಹಾಕಿದ್ದಾರೆ, ಪಾರಿವಾಳ ಬರದಿರಲಿ ಅಂತ.

ಬೆಳಗ್ಗೆ ಏಳೂವರೆಗೆ ಮೆಟ್ರೋ ಹಳಿಯ ಮೇಲಿಂದ ಬಿಸಿಲು ಏರಿ ಬಂದು ಆ ಡಿಸ್ಕುಗಳಿಗೆ ಬಡಿಯುತ್ತದೆ. ಒಂದು ತಿರುಗಿದರೆ ನಡುಮನೆಯ ಸೂರಿನ ಮೇಲೆ ಬೆಳಕಿನ ಬಿಲ್ಲೆ ಓಡುತ್ತದೆ, ಅಂಚಿನಲ್ಲಿ ಏಳು ಬಣ್ಣ. ಒಳಗೆ ಸಾಂಬ್ರಾಣಿ ಹಾಕಿದ ದಿನ, ಬಾಲ್ಕನಿಯಿಂದ ಸೂರಿನವರೆಗೆ ಬೆಳಕಿನ ಒಂದು ತೊಲೆಯೇ ನಿಂತಿರುತ್ತದೆ. ಮೊಮ್ಮಗಳು ಅದರೊಳಗೆ ಕೈ ಆಡಿಸುತ್ತಾಳೆ. ನಾನು ಕಾಫಿ ಲೋಟ ಹಿಡಿದು, ಅದು ಯಾವ ಡಿಸ್ಕಿನಿಂದ ಬರುತ್ತಿದೆ, ಬಿಸಿಲು ಯಾವ ಕೋನದಲ್ಲಿ ಬೀಳುತ್ತಿದೆ ಎಂದು ಹುಡುಕುತ್ತಾ ನಿಲ್ಲುತ್ತೇನೆ. ಎಂಟು ಗಂಟೆಗೆ ಎದುರುಮನೆಯ ನೀರಿನ ಟ್ಯಾಂಕಿನ ನೆರಳು ಬಂದು ಎಲ್ಲ ಮುಗಿಯುತ್ತದೆ. ಪಾರಿವಾಳಗಳು ಮಾತ್ರ ಬರುವುದನ್ನು ಬಿಟ್ಟಿಲ್ಲ.